ಸುಯಾಮಜ್ಜಿ ಖಾಲಿ ಬಿಡುವ ಜಾಗ

ನಿಮ್ಮ ಊರಿನಲ್ಲೂ ಇಂಥ ಒಬ್ಬರು ಇರಬಹುದು. ಅವರ ಮಾತು ಬಂದಾಗ ಎಲ್ಲರೂ ‘ಪಾಪ’ ಎನ್ನುತ್ತಾರೆ. ಹತ್ತಿರ ಹೋಗಿ ಕೂರುವವರು ಮಾತ್ರ ಯಾರೂ ಇಲ್ಲ.

ನಮ್ಮ ಊರಿನಲ್ಲಿ ಅವರು ಸುಯಾಮಜ್ಜಿ. ಪಾಸಿಲ್ ನದಿಯ ಮೇಲಿನ ಇಳಿಜಾರಿನಲ್ಲಿ ನಮ್ಮ ಮನೆಗಳು ಒಂದರ ಹೆಗಲ ಮೇಲೆ ಒಂದು ಕೂತ ಹಾಗಿವೆ. ಅಜ್ಜಿಯ ಅಡುಗೆಮನೆಯ ತಗಡಿನ ಚಾವಣಿ ನನ್ನ ಕಿಟಕಿಯ ಕೆಳಗೇ ಇದೆ. ನಾನು ಇಲ್ಲಿನ ಶಾಲೆಯಲ್ಲಿ ಪಾಠ ಹೇಳುವವಳು. ಒಬ್ಬಳೇ ಇರುತ್ತೇನೆ. ಒಬ್ಬರೇ ಇರುವವರಿಗೆ ಪಕ್ಕದ ಮನೆಯ ಸದ್ದು ಸ್ವಲ್ಪ ಹೆಚ್ಚೇ ಕೇಳಿಸುತ್ತದೆ.

ಸಂಜೆ ಆ ತಗಡಿನ ಸಂದಿಯಿಂದ ಹೊಗೆ ಏಳುತ್ತದೆ. ಅಜ್ಜಿಯ ಮಗಳು ರುಫೀನಾ ಒಲೆ ಹೊತ್ತಿಸಿದ್ದಾಳೆ ಎಂದು ಅರ್ಥ. ಆಗಲೇ ‘ಹೂ’ ಎಂದು ಒಂದು ಸ್ವರ ಕೇಳುತ್ತದೆ. ಆಮೇಲೆ ಏನೂ ಇಲ್ಲ. ಇನ್ನು ನಿಂತಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಅದೇ ‘ಹೂ’. ಮತ್ತೆ ಮೌನ. ಹೊಗೆ ಇಲ್ಲದ ಹೊತ್ತಿನಲ್ಲಿ ಅಜ್ಜಿ ಊದಿದ್ದನ್ನು ನಾನು ಕೇಳಿಲ್ಲ. ಅದು ಯಾಕೆ ಎಂದು ನಾನು ಯೋಚಿಸಿರಲೂ ಇಲ್ಲ.

ಅಜ್ಜಿ ಊದುವುದು ಸಗ್ಗೇಪೊ. ತೂತುಗಳಿಲ್ಲದ ಬಿದಿರ ಕೊಳಲು. ಮೇಲಿನ ತುದಿ ತೆರೆದಿರುತ್ತದೆ, ಕೆಳಗಿನ ತುದಿಯನ್ನು ಬಿದಿರಿನ ಗಿಣ್ಣೇ ಮುಚ್ಚಿರುತ್ತದೆ. ಒಂದು ಕೊಳಲಿಗೆ ಒಂದೇ ಸ್ವರ. ಆರು ಜನ ಆರು ಅಳತೆಯ ಕೊಳಲು ಹಿಡಿದು, ಒಬ್ಬರ ಉಸಿರು ಮುಗಿದಲ್ಲಿ ಇನ್ನೊಬ್ಬರು ಉಸಿರು ಕೊಟ್ಟರೆ ಹಾಡಾಗುತ್ತದೆ. ಮೊದಲೆಲ್ಲ ಕೊಯ್ಲು ಮುಗಿಸಿ ಗದ್ದೆಯ ಬದುವಿನ ಮೇಲೆ ಸಾಲಾಗಿ ಇಳಿದು ಬರುವಾಗ ಊದುತ್ತಿದ್ದರಂತೆ. ನಮ್ಮ ಊರಿನ ಆರು ಜನರಲ್ಲಿ ಐವರು ಮಣ್ಣಾಗಿದ್ದಾರೆ. ಉಳಿದವರು ಸುಯಾಮಜ್ಜಿ ಒಬ್ಬರೇ. ಈಗ ಮದುವೆಗಳಲ್ಲಿ ಬಾಡಿಗೆಗೆ ತಂದ ‘ವಿಡಿಯೋಕೆ’ ಎಂಬ ಹಾಡಿನ ಪೆಟ್ಟಿಗೆ ಮೊಳಗುತ್ತದೆ. ಆ ಗದ್ದಲದಲ್ಲಿ ಒಂದು ‘ಹೂ’ ಯಾರಿಗೆ ಕೇಳೀತು?

ಮಕ್ಕಳು ಅಜ್ಜಿಯನ್ನು ಅಣಕಿಸುತ್ತಾರೆ. ರುಫೀನಾಳೂ ಬಿಡುವವಳಲ್ಲ.

“ಕೇಳಿಸ್ತಾ ಬೆನಿಲ್ದಾ, ನಮ್ಮನೆ ಗೂಬೆ?” ಎಂದು ಕೆಳಗಿನಿಂದಲೇ ನನ್ನನ್ನು ಕೂಗುತ್ತಾಳೆ. “ಗೂಬೆಗಾದ್ರೂ ಜೋಡಿ ಇರುತ್ತೆ.”

“ಸುಮ್ನಿರೇ, ಅಪೋಗೆ ಕೇಳುತ್ತೆ.” ಹಿರಿಯರನ್ನು ನಾವು ಅಪೋ ಎನ್ನುತ್ತೇವೆ.

“ಕೇಳ್ಲಿ. ಗ್ಯಾಸ್ ಒಲೆ ತರ್ತೀನಿ, ನಿನ್ನ ಎದೆಗೆ ಹೊಗೆ ಒಳ್ಳೇದಲ್ಲ ಅಂದ್ರೆ ಹಠ. ಬೇಡ್ವೇ ಬೇಡ ಅಂತೆ. ಕೆಮ್ಮೋದು ಅವಳು, ಅಂಜೋದು ನಾನು.”

ಅಜ್ಜಿಯ ಉಸಿರು ನಿಜವಾಗಿಯೂ ಸಣ್ಣದಾಗುತ್ತಿತ್ತು. ಕಳೆದ ಮಳೆಗಾಲದಲ್ಲಿ ಆ ‘ಹೂ’ ಮುಗಿಯುವ ಮೊದಲೇ ಒಡೆಯುತ್ತಿತ್ತು. ನಾನು ಕಿಟಕಿಯ ಬಳಿ ಕೈಕೆಲಸ ಬಿಟ್ಟು ಕಾಯುತ್ತಿದ್ದೆ, ಮುಂದಿನದು ಬರುತ್ತದೋ ಇಲ್ಲವೋ ಎಂದು.

ತಬುಕ್ ಪಟ್ಟಣದಲ್ಲಿ ನಡೆದ ಶಿಕ್ಷಕರ ಸಭೆಯಲ್ಲಿ ಒಂದು ವಿಷಯ ಹೇಳಿದ್ದರು. ವಿಶ್ವವಿದ್ಯಾಲಯದ ಸಂಗೀತ ವಿಭಾಗ ಗುಡ್ಡದ ಊರುಗಳ ವಾದ್ಯಗಾರರನ್ನು ಗುರುಗಳಾಗಿ ನೇಮಿಸಿಕೊಳ್ಳುತ್ತಿದೆ, ಅವರು ಓದು ಬರಹ ಕಲಿತಿರಬೇಕಿಲ್ಲ ಎಂದು. ನಾನು ಸಭೆ ಮುಗಿದ ಮೇಲೆ ಹಿಂದೆ ಉಳಿದು, ನಮ್ಮಲ್ಲಿ ಒಬ್ಬರಿದ್ದಾರೆ, ಹಿಂದೆ ಯಾರೋ ಬಂದು ಅವರ ಹಾಡು ಮುದ್ರಿಸಿಕೊಂಡು ಹೋಗಿದ್ದರು ಎಂದೆ. ಮನೆಗೆ ಬಂದು ರುಫೀನಾಗೂ ತಿಳಿಸಿದೆ. ಅವಳು ಅವರೆಕಾಯಿ ಸುಲಿಯುತ್ತಾ ಇದ್ದವಳು ತಲೆ ಎತ್ತಲಿಲ್ಲ. “ಬರ್ಲಿ, ನೋಡೋಣ” ಎಂದಳು. ಅವಳು ಹಾಗೆಂದರೆ ನನಗೆ ಭಯವೇ.

ಕೊಯ್ಲಿಗೆ ಸ್ವಲ್ಪ ಮುಂಚೆ ಜೀಪಿನ ಚಾವಣಿಯ ಮೇಲೆ ಅಕ್ಕಿ ಮೂಟೆಗಳ ನಡುವೆ ಕೂತು ಒಬ್ಬ ಹುಡುಗಿ ಬಂದಳು. ಹೆಸರು ಜೊವಿಲಿನ್. ನಮ್ಮದೇ ಕಲಿಂಗಾ ಬುಡಕಟ್ಟಿನವಳು, ಆದರೆ ಬೆಟ್ಟದಾಚೆಯ ತನುದಾನ್ ಕಣಿವೆಯವಳು. ಸಂಗೀತ ವಿಭಾಗದಲ್ಲಿ ಓದುತ್ತಾ ಇಂಥ ವಾದ್ಯಗಾರರನ್ನು ಹುಡುಕುವ ಕೆಲಸ ಮಾಡುತ್ತಿದ್ದಳು. ಅವಳನ್ನು ರುಫೀನಾಳ ಮನೆಗೆ ಕರೆದುಕೊಂಡು ಹೋದೆ.

ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ರುಫೀನಾ ಕೂರಲು ಹೇಳಿದಳು. ಕಾಫಿ ಬಗ್ಗಿಸಲಿಲ್ಲ.

ನಮ್ಮಲ್ಲಿ ಹೊರಗಿನವರು ಬಂದರೆ ಮಾತಿಗೆ ಮುಂಚೆ ಕಾಫಿ ಕೊಡುತ್ತೇವೆ. ಒಂದು ಗುಟುಕು ಕುಡಿದರೆ ಅವರು ಆ ಮನೆಯ ಕಾವಲಿನಲ್ಲಿದ್ದಾರೆ, ಯಾರೂ ಅವರ ಮೈ ಮುಟ್ಟುವಂತಿಲ್ಲ. ಕೊಡದಿದ್ದರೆ ಅದೂ ಒಂದು ಉತ್ತರವೇ. ಜೊವಿಲಿನ್ ಕುದಿಯುವ ಪಾತ್ರೆಯನ್ನು ಒಮ್ಮೆ ನೋಡಿ, ಕಣ್ಣು ಕೆಳಗೆ ಮಾಡಿದಳು. ಅವಳಿಗೂ ಗೊತ್ತಾಯಿತು.

“ಯಾವ ಕಡೆಯವಳಮ್ಮ?” ಎಂದಳು ರುಫೀನಾ.

“ತನುದಾನ್ ಕಡೆ, ಅಕ್ಕ.”

“ಯಾಕೆ, ತನುದಾನಲ್ಲಿ ಬಿದಿರು ಮುಗೀತಾ?”

“ಬಿದಿರಿದೆ ಅಕ್ಕ. ಊದೋರು ಮುಗಿದ್ರು.”

ರುಫೀನಾ ಕೆಂಡ ಕೆದಕಿದಳು. “ನೋಡಮ್ಮ, ಹಿಂದೆ ಒಬ್ಬ ಬಂದಿದ್ದ. ನನಗಿನ್ನೂ ಮದುವೆ ಆಗಿರ್ಲಿಲ್ಲ. ನಮ್ಮನೆ ಕಾಫಿ ಕುಡಿದ, ನಮ್ಮ ಕೋಳಿ ತಿಂದ. ಆರು ಜನರನ್ನೂ ಬಿಸಿಲಲ್ಲಿ ನಿಲ್ಲಿಸಿ ಪೆಟ್ಟಿಗೆ ತುಂಬ ಹಾಡು ತುಂಬ್ಕೊಂಡ. ಹೆಸರು ಕೇಳ್ಲಿಲ್ಲ. ನಿಮಗೂ ಒಂದು ಟೇಪು ಕಳಿಸ್ತೀನಿ ಅಂದ. ನಮ್ಮಪ್ಪ ಸಾಯೋವರೆಗೂ ಜೀಪಿನ ಹಾರನ್ ಕೇಳಿದ್ರೆ ಎದ್ದು ಕೂರೋನು.”

“ಆ ಧ್ವನಿಮುದ್ರಣ ಹುಡುಕಿದೆ ಅಕ್ಕ. ಬೆನಿಲ್ದಕ್ಕ ಹೇಳಿದ್ಮೇಲೆ ಎಲ್ಲಾ ಕಡೆ ಕೇಳ್ದೆ. ಸಿಗ್ಲಿಲ್ಲ. ಊದಿದೋರ ಹೆಸರಿಲ್ಲ, ಊರಿನ ಹೆಸರಿಲ್ಲ. ಅಂಥದ್ದನ್ನ ಯಾರೂ ಜೋಪಾನ ಮಾಡಲ್ಲ.”

“ಸಿಗ್ಲಿಲ್ಲ ಅಂತ ಹೇಳೋಕೆ ಇಷ್ಟು ದೂರ ಬಂದ್ಯಾ?”

“ಅದನ್ನಾದ್ರೂ ಯಾರಾದ್ರೂ ಬಂದು ಹೇಳ್ಬೇಕಿತ್ತಲ್ಲ ಅಕ್ಕ.”

ಮೂಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಸುಯಾಮಜ್ಜಿ ಮೊದಲ ಸಲ ಹುಡುಗಿಯ ಕಡೆ ತಿರುಗಿದರು.

ಜೊವಿಲಿನ್ ನಿಧಾನವಾಗಿ ಬಿಡಿಸಿ ಹೇಳಿದಳು. ಈಗಿನ ಏರ್ಪಾಡು ಬೇರೆ. ಮೊದಲು ಊರಿನ ಹಿರಿಯರ ಮುಂದೆ ಮಾತಾಗಬೇಕು. ಅಪೋ ಒಪ್ಪುವವರೆಗೆ ಯಾರೂ ಧ್ವನಿ ಮುದ್ರಿಸುವ ಯಂತ್ರ ಹೊರತೆಗೆಯುವಂತಿಲ್ಲ. ಮುದ್ರಿಸಿದರೂ ಒಂದು ಪ್ರತಿ ಇದೇ ಊರಿನಲ್ಲಿರಬೇಕು, ಹೊರಗಿನವರು ಯಾರು ಕೇಳಬಹುದು ಎಂದು ಊರೇ ತೀರ್ಮಾನಿಸಬೇಕು. ಅಪೋ ಕಲಿಸಿದರೆ ಬೇರೆ ಗುರುಗಳಿಗೆ ಕೊಡುವ ಹಾಗೆ ಅವರಿಗೂ ಸಂಬಳ. ಅವರು ಪಟ್ಟಣಕ್ಕೆ ಹೋಗಬೇಕಿಲ್ಲ, ವಿದ್ಯಾರ್ಥಿಗಳೇ ಬಂದು ಊರಿನಲ್ಲಿ ಇರುತ್ತಾರೆ. ಇಲ್ಲಿನ ಮಕ್ಕಳು ಮುಂದೆ ಇದನ್ನೇ ಓದಬೇಕೆಂದರೆ ಅವರಿಗೆ ವಿಭಾಗದಲ್ಲಿ ಜಾಗ ಮೀಸಲಿದೆ.

“ಸಂಬಳ,” ಎಂದು ರುಫೀನಾ ನಕ್ಕಳು. “ನಮ್ಮಮ್ಮಂಗೆ ಗೊತ್ತಿರೋದು ಒಂದು ಸ್ವರ ಕಣಮ್ಮ. ಒಂದು ಸ್ವರಕ್ಕೂ ಪ್ರೊಫೆಸರ್ ಮಾಡ್ತಾರಾ?”

ಆಗ ಅಜ್ಜಿ ಬಾಯಿ ತೆರೆದರು. “ಅವಳು ಹೇಳೋದು ಸರಿ ಮಗಾ. ನಂದು ಒಂದೇ. ಉಳಿದ ಐದು ನಂದಲ್ಲ. ನಂದಲ್ಲದ್ದನ್ನ ನಾನ್ಹೇಗೆ ಕೊಡ್ಲಿ?”

“ಕೊಡೋದು ಬೇಡ ಅಪೋ. ನಾನು ಇಲ್ಲಿ ಕೂತ್ಕೋಬಹುದಾ? ಸಂಜೆ ಹೊತ್ತು ಮಾತ್ರ.”

“ಕೂತ್ಕೊಳ್ಳೋಕೆ ಯಾರಪ್ಪಣೆ ಬೇಕು? ನಾಯಿನೂ ಕೂರುತ್ತೆ,” ಎಂದಳು ರುಫೀನಾ. ಆ ದಿನ ನಾವು ಕಾಫಿ ಕುಡಿಯದೆ ಎದ್ದೆವು.

ಜೊವಿಲಿನ್ ನನ್ನ ಮನೆಯಲ್ಲಿ ಉಳಿದಳು. ಹಗಲು ರುಫೀನಾಳ ಗದ್ದೆಯಲ್ಲಿ ತೆನೆ ಕೊಯ್ದಳು. ಸಂಜೆ ಅಡುಗೆಮನೆಯ ಬಾಗಿಲಲ್ಲಿ ಬರಿಗೈಯಲ್ಲಿ ಕೂತಳು. ಅವಳೊಬ್ಬಳನ್ನೇ ಕಳಿಸಲು ಆತಂಕವಾಗಿ ನಾನೂ ಜೊತೆಗೆ ಹೋಗುತ್ತಿದ್ದೆ. ಅಜ್ಜಿ ಒಂದು ಸಲ ಊದಿ ನಿಲ್ಲಿಸಿದಾಗ ಅವಳು ಕೇಳುತ್ತಿದ್ದಳು.

“ಈ ಖಾಲಿ ಜಾಗ ಯಾರ್ದು ಅಪೋ?”

“ನನ್ನ ಮುಂದೆ ಲಿಂಗಾಯ್ ನಡೀತಿದ್ಲು. ಅವಳ ಬೆನ್ನು ಬಗ್ಗಿದ್ರೆ ಉಸಿರು ಮುಗೀತು ಅಂತ ಗೊತ್ತಾಗೋದು, ಆಗ ನಂದು. ನನ್ನ ಹಿಂದೆ ಇವಳಪ್ಪ, ಡಾಲುನಾಗ್. ಅವನ ಉಸಿರು ನನ್ನ ಕತ್ತಿಗೆ ತಾಗೋದು.”

“ಇನ್ನುಳಿದೋರು?”

“ಅವರೆಲ್ಲ ಎಲ್ಲಿ ಊದ್ತಿದ್ರು ಅಂತ ನಂಗೇನ್ ಗೊತ್ತು? ಮುಂದಿನ ಬೆನ್ನು, ಹಿಂದಿನ ಉಸಿರು. ಅಷ್ಟೇ ನಂದು.”

ಅಜ್ಜಿಗೆ ಬುದ್ಧಿ ಮಂಕಾಗಿದೆ ಎಂದು ನಾವೆಲ್ಲ ತಳ್ಳಿಹಾಕಿದ್ದ ಆ ಮೌನ ಬರಿದಾಗಿರಲಿಲ್ಲ. ಅಜ್ಜಿ ಉಳಿದವರಿಗೆ ಜಾಗ ಬಿಡುತ್ತಿದ್ದರು. ಅವರು ಬಂದು ತುಂಬಲಿ ಎಂದು ಕಾಯುತ್ತಿದ್ದರು.

ಒಂದು ಸಂಜೆ ಸೌದೆ ಚೆನ್ನಾಗಿ ಒಣಗಿತ್ತು. ಕಡ್ಡಿ ಗೀರಿದ ಕೂಡಲೇ ಹೊತ್ತಿಕೊಂಡಿತು, ರುಫೀನಾ ಒಲೆ ಊದುವ ಗೋಜಿಗೆ ಹೋಗಲಿಲ್ಲ. ಅಜ್ಜಿ ಒಂದು ಸಲ ಊದಿದರು, ಕಾದರು. ಮತ್ತೆ ಊದಲೇ ಇಲ್ಲ. ಕೊಳಲನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮನೆಗೆ ಹತ್ತುವಾಗ ಜೊವಿಲಿನ್ ಕೇಳಿದಳು.

“ಅಕ್ಕ, ಇವತ್ತು ಯಾಕೆ ಊದ್ಲಿಲ್ಲ?”

“ಸುಸ್ತಾಗಿರ್ಬೇಕು.”

“ಉಸಿರಿತ್ತು ಅಕ್ಕ. ಯಾರೋ ಬರ್ಲಿಲ್ಲ ಅನ್ನೋ ಹಾಗೆ ಕೂತಿದ್ರು.”

ಅದರ ಅರ್ಥ ಜೀಪು ಗ್ಯಾಸ್ ಸಿಲಿಂಡರ್ ತಂದ ದಿನ ತಿಳಿಯಿತು.

ರುಫೀನಾ ಕೊನೆಗೂ ಅಮ್ಮನ ಮಾತು ಮೀರಿ ತರಿಸಿಬಿಟ್ಟಿದ್ದಳು. ಹೊಸ ಒಲೆಯನ್ನು ಹಲಗೆಯ ಮೇಲಿಟ್ಟು, ನೀಲಿ ಉರಿಯ ಮೇಲೆ ಕಾಫಿಗೆ ನೀರಿಟ್ಟಳು. “ನೋಡಮ್ಮ, ಹೊಗೆನೂ ಇಲ್ಲ, ಊದೋದೂ ಇಲ್ಲ,” ಎಂದಳು. ಹಳೆಯ ಒಲೆಯ ಸಾಮಾನನ್ನು ಒಟ್ಟುಮಾಡತೊಡಗಿದಳು. ಮಸಿ ಹಿಡಿದ ಮುಕ್ಕಾಲಿ, ಇಕ್ಕಳ, ಊದುಗೊಳವೆ. ಊದುಗೊಳವೆಯನ್ನು ಪುಳ್ಳೆಯ ಬುಟ್ಟಿಗೆ ಎಸೆದಳು.

ಅಜ್ಜಿ ಎದ್ದರು. ಕಂಬ ಹಿಡಿಯದೆ ಅವರು ಎದ್ದದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಬುಟ್ಟಿಯವರೆಗೆ ಹೋಗಿ, ಬಗ್ಗಿ, ಊದುಗೊಳವೆ ಎತ್ತಿಕೊಂಡರು. ಉಟ್ಟ ಬಟ್ಟೆಯ ಅಂಚಿನಿಂದ ಮಸಿ ಒರೆಸಿದರು.

“ಅದ್ಯಾಕಮ್ಮ ಈಗ?” ಎಂದಳು ರುಫೀನಾ.

“ಇದು ನಿಮ್ಮಪ್ಪಂದು.”

“ಅಪ್ಪ ಒಲೆ ಊದ್ತಿದ್ನಾ? ಅಕ್ಕಿ ತೊಳಿಯೋಕೂ ಬರ್ತಿರ್ಲಿಲ್ಲ ಅವನಿಗೆ.”

“ಒಲೆ ಊದೋದಲ್ಲ ಇದು. ಅವನು ತೀರ್ಕೊಂಡ ವರ್ಷ, ನೀನು ಬೆನ್ನಿಗೆ ಕೂಸು ಕಟ್ಕೊಂಡು, ಅಟ್ಟದ ಮೇಲಿಂದ ಕೈಗೆ ಸಿಕ್ಕಿದ್ದು ತಗೊಂಡು, ಕಂಬಿ ಕಾಯಿಸಿ ಗಿಣ್ಣು ಒಡೆದೆ.”

ರುಫೀನಾಳ ಮುಖದ ನಗು ಅಲ್ಲೇ ನಿಂತಿತು. ಒಲೆಯ ಮೇಲಿನ ಅಟ್ಟದಲ್ಲಿ ಹುಳ ಬೀಳದಿರಲೆಂದು ಬಿದಿರನ್ನು ಹೊಗೆಗೆ ಇಡುವುದು ನಮ್ಮಲ್ಲಿ ಎಲ್ಲರ ಮನೆಯ ರೂಢಿ. ಬುಟ್ಟಿ ಹೆಣೆಯುವ ಸೀಳು, ಸೌಟಿನ ಹಿಡಿ, ಸಗ್ಗೇಪೊ, ಎಲ್ಲ ಒಂದೇ ಕಪ್ಪು. ಬಿದಿರ ತುಂಡೊಂದು ಕೈಗೆ ಸಿಕ್ಕಾಗ, ಅದು ಕೊಳಲೆಂದು ತಿಳಿಯದೆ ಗಿಣ್ಣು ಒಡೆದು ಒಲೆ ಊದಲು ಇಟ್ಟುಕೊಳ್ಳುವ ತಪ್ಪು ನಮ್ಮಲ್ಲಿ ಯಾರಿಂದಲಾದರೂ ಆಗಬಹುದಿತ್ತು.

“ಯಾಕ್ ಹೇಳ್ಲಿಲ್ಲ ನಂಗೆ?” ರುಫೀನಾಳ ದನಿ ಕೆಳಗಿಳಿದಿತ್ತು. “ಇಷ್ಟು ವರ್ಷ.”

“ಕೂಸಿಗೆ ಗಂಜಿ ಆಗ್ಬೇಕಿತ್ತು. ಅವನಿದ್ರೂ ಮೊದ್ಲು ಗಂಜಿ ಅಂತಿದ್ದ.” ಅಜ್ಜಿ ಮತ್ತೆ ಒರೆಸಿದರು. “ಆಮೇಲೆ ನೀನು ದಿನಾ ಊದ್ತಿದ್ಯಲ್ಲ. ಸ್ವರ ಇಲ್ದೆ ಇದ್ರೂ ಉಸಿರು ಇದ್ರೊಳಗೆ ಓಡಾಡ್ತಿತ್ತು. ನಂಗೆ ಅಷ್ಟು ಸಾಕಿತ್ತು. ನಾನು ಊದಿ, ನಿನ್ನುಸಿರಿಗೆ ಕಾಯ್ತಿದ್ದೆ.”

ಹೊಗೆ ಎದ್ದಾಗ ಮಾತ್ರ ಆ ಸ್ವರ ಯಾಕೆ ಕೇಳುತ್ತಿತ್ತು ಎಂದು ನನಗೆ ಆಗ ಅರ್ಥವಾಯಿತು. ಗ್ಯಾಸ್ ಬೇಡ ಎಂಬ ಹಠ ಯಾಕೆಂದು ರುಫೀನಾಗೂ ಅರ್ಥವಾಗಿರಬೇಕು. ಅವಳು ನೀಲಿ ಉರಿಯನ್ನೇ ನೋಡುತ್ತಾ ನಿಂತಳು. ನೀರು ಕುದಿದು ಮುಚ್ಚಳ ಕುಣಿಯುತ್ತಿತ್ತು.

ಜೊವಿಲಿನ್ ಬಾಗಿಲಲ್ಲೇ ಇದ್ದಳು, ಒಳಗೆ ಬಂದಿರಲಿಲ್ಲ. ಅಲ್ಲಿಂದಲೇ ಹೇಳಿದಳು. “ರುಫೀನಕ್ಕ, ಕೆಳಗಿನ ತುದಿಗೆ ಅಂಗೈ ಒತ್ತಿಟ್ಟು, ಮೇಲೆ ಬಾಟಲಿ ಊದ್ತೀವಲ್ಲ ಹಾಗೆ ಊದಿ ನೋಡ್ತೀರಾ?”

“ನಂಗೆಲ್ಲಿ ಬರುತ್ತೆ.”

“ದಿನಾ ಊದಿದ್ದೀರಲ್ಲ ಅಕ್ಕ.”

ರುಫೀನಾ ಅಮ್ಮನ ಕೈಯಿಂದ ಊದುಗೊಳವೆ ತೆಗೆದುಕೊಂಡಳು. ಅಂಗೈ ಅಡ್ಡವಿಟ್ಟು ಊದಿದಳು. ಬರೀ ಗಾಳಿ. ತುಟಿ ಒರೆಸಿಕೊಂಡು ಮತ್ತೆ ಊದಿದಳು. ಈ ಸಲ ಒಂದು ಸ್ವರ ಬಂತು. ಒರಟಾಗಿ, ಮಸಿ ಕಟ್ಟಿದ ಹಾಗೆ, ಆದರೆ ಸ್ವರವೇ.

ಅಜ್ಜಿ ತಲೆ ಅಲ್ಲಾಡಿಸಿದರು. “ನಿಮ್ಮಪ್ಪ ಇಷ್ಟು ಎತ್ತರದ ದನಿಯಲ್ಲಿ ಮಾತಾಡ್ತಿರ್ಲಿಲ್ಲ.”

“ಬೆಂಕಿ ತುದಿ ತಿಂದಿದೆ ಅಪೋ,” ಎಂದಳು ಜೊವಿಲಿನ್. “ಗಿಡ್ಡ ಆಗಿದೆ.”

“ಹಾಗಾದ್ರೆ ಅಂಗೈ ಗುಳಿ ಮಾಡು. ಇನ್ನೂ. ನೀರು ಹಿಡಿಯೋ ಹಾಗೆ ಮಾಡೇ.”

ರುಫೀನಾ ಅಂಗೈ ಗುಳಿ ಮಾಡಿದಳು. ಸ್ವರ ಇಳಿಯಿತು. ಅಜ್ಜಿ ಕಣ್ಣು ಮುಚ್ಚಿದರು. ತಮ್ಮ ಕೊಳಲನ್ನು ತುಟಿಗೆ ತಂದು ಊದಿದರು, ನಿಲ್ಲಿಸಿದರು. ಆ ಖಾಲಿ ಜಾಗದಲ್ಲಿ ರುಫೀನಾ ಊದಿದಳು. ಅಜ್ಜಿ ಮತ್ತೆ ಊದಿದರು. ಎರಡು ಸ್ವರ ಹೆಜ್ಜೆಯಂತೆ ನಡೆದವು, ಆಮೇಲೆ ನಾಲ್ವರಷ್ಟು ಉದ್ದದ ಮೌನ, ಮತ್ತೆ ಎರಡು ಹೆಜ್ಜೆ. ನನಗೆ ಆ ಮೌನವೇ ಹೆಚ್ಚು ಕೇಳಿಸಿತು. ಮೊದಲು ಅದು ಎಷ್ಟು ಉದ್ದ ಎಂದು ಗೊತ್ತಿರಲಿಲ್ಲ.

ಕೆಮ್ಮು ಬಂದು ಅಜ್ಜಿ ನಿಲ್ಲಿಸಿದರು. ರುಫೀನಾ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಆಮೇಲೆ ಲೋಟ ಹುಡುಕಿ, ಕಾಫಿ ಬಗ್ಗಿಸಿ, ಬಾಗಿಲಿಗೆ ಹೋದಳು.

“ತಗೋಮ್ಮ. ಸಕ್ಕರೆ ಜಾಸ್ತಿ ಆಗಿದ್ರೆ ಹೇಳ್ಬೇಡ.”

ಜೊವಿಲಿನ್ ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಸಿ ಇದ್ದ ಹಾಗೆಯೇ ಒಂದು ಗುಟುಕು ಕುಡಿದಳು.

ಆಮೇಲಿನದು ಹಬ್ಬದ ಹಾಗೆ ಆಯಿತೆಂದು ನಾನು ಬರೆಯಲಾರೆ. ಊರಿನ ಹಿರಿಯರು ಸೇರಿದರು, ವಾದಿಸಿದರು, ಒಪ್ಪಿದರು. ಸುಯಾಮಜ್ಜಿ ಗುರುಗಳಾದರು, ಅವರ ಹೆಸರು ಅವರ ಸ್ವರದ ಜೊತೆಗೇ ಇದೆ. ಡಾಲುನಾಗನ ಹೆಸರೂ ಇದೆ, ಲಿಂಗಾಯಳ ಹೆಸರೂ. ಊದುಗೊಳವೆಯ ಅಳತೆ ಹಿಡಿದು, ಬೆಂಕಿ ತಿಂದಷ್ಟನ್ನು ಅಜ್ಜಿಯ ಕಿವಿಯಿಂದಲೇ ಸೇರಿಸಿ ಹೊಸ ಬಿದಿರು ಕತ್ತರಿಸಿದರು. ಎಷ್ಟೋ ಬಿದಿರು ಹಾಳಾಯಿತು. ಕೊಯ್ಲಿನ ರಜೆಗೆ ವಿದ್ಯಾರ್ಥಿಗಳು ಬರುತ್ತಾರೆ, ಅಜ್ಜಿಯ ಬೆನ್ನ ಹಿಂದೆ ಸಾಲಾಗಿ ಕೂರುತ್ತಾರೆ. ಅವರ ಜೊತೆ ಕಲಿಯುವ ನಮ್ಮ ಶಾಲೆಯ ಹುಡುಗಿಯೊಬ್ಬಳು ಮುಂದೆ ಸಂಗೀತ ವಿಭಾಗಕ್ಕೇ ಹೋಗುತ್ತೇನೆ ಎನ್ನುತ್ತಾಳೆ. ಧ್ವನಿಮುದ್ರಣದ ಪ್ರತಿ ಶಾಲೆಯಲ್ಲಿದೆ. ಕೇಳಬೇಕೆಂದವರು ಮೊದಲು ಅಜ್ಜಿಯ ಮನೆಗೆ ಹೋಗಿ ಕಾಫಿ ಕುಡಿಯಬೇಕು.

ಗ್ಯಾಸ್ ಒಲೆಯೂ ಉಳಿಯಿತು. ಅಜ್ಜಿಯ ಕೆಮ್ಮು ಸ್ವಲ್ಪ ಕಡಿಮೆಯಾಗಿದೆ. ಅಪ್ಪನ ಜಾಗದಲ್ಲಿ ಈಗ ರುಫೀನಾ ಊದುತ್ತಾಳೆ, ಹೊಸ ಕೊಳಲಲ್ಲಿ ಅಲ್ಲ, ಆ ಮಸಿಯದ್ದರಲ್ಲೇ. ನಾಲಿಗೆ ಮಾತ್ರ ಹಾಗೇ ಇದೆ.

“ಪ್ರೊಫೆಸರಮ್ಮ, ಪಾಠ ಮುಗೀತಾ? ಹಂದಿಗೆ ಗೆಣಸು ಯಾರು ಹಾಕ್ತಾರೆ, ಯೂನಿವರ್ಸಿಟಿಯೋರಾ?”

ಲಿಂಗಾಯಳ ಜಾಗವನ್ನು ಅಜ್ಜಿ ನೆನಪಿನಿಂದ ಹೇಳಿಕೊಟ್ಟಿದ್ದಾರೆ. ಉಳಿದ ಮೂರು ಇನ್ನೂ ಖಾಲಿ. ಅವರ ಮುಂದೆ, ಹಿಂದೆ ನಡೆದವರಲ್ಲಿ ಯಾರೂ ಈಗ ಇಲ್ಲ. ನಾವು ತಡಮಾಡಿದೆವು. ವಿದ್ಯಾರ್ಥಿಗಳು ಆ ಜಾಗವನ್ನು ತಾವೇ ಏನೋ ಹಾಕಿ ತುಂಬುವುದಿಲ್ಲ. ಅಲ್ಲಿಗೆ ಬಂದಾಗ ಎಲ್ಲರೂ ಕೊಳಲು ಇಳಿಸಿ ಸುಮ್ಮನೆ ಕಾಯುತ್ತಾರೆ. ಸಂಜೆ ಕಿಟಕಿಯಲ್ಲಿ ನಾನೂ ಕಾಯುತ್ತೇನೆ.

ಓದುತ್ತಿರುವವರೇ, ನಿಮ್ಮ ಊರಿನಲ್ಲಿ ಒಬ್ಬರೇ ಊದುವವರು, ಒಬ್ಬರೇ ಬಾರಿಸುವವರು ಇದ್ದರೆ ಇವತ್ತೇ ಹೋಗಿ ಅವರ ಬಳಿ ಕುಳಿತುಕೊಳ್ಳಿ. ಖಾಲಿ ಜಾಗ ಯಾರದೆಂದು ಅವರಿಗೆ ನೆನಪಿರುವಾಗಲೇ ಕೇಳಿ. ಹತ್ತಿರದ ಶಾಲೆಯವರ ಮೂಲಕ ವಿಶ್ವವಿದ್ಯಾಲಯದ ಸಂಗೀತ ವಿಭಾಗಕ್ಕೆ ಸುದ್ದಿ ಮುಟ್ಟಿಸಿ. ಅಲ್ಲಿಂದ ಬಂದವರನ್ನು ಪ್ರಶ್ನಿಸಲು ನಾಚಬೇಡಿ: ಗುರುಗಳೆಂದು ಕರೆಯುತ್ತೀರಾ, ಸಂಬಳ ಕೊಡುತ್ತೀರಾ, ಹೆಸರು ಹಾಕುತ್ತೀರಾ, ಪ್ರತಿ ನಮ್ಮಲ್ಲಿ ಬಿಡುತ್ತೀರಾ, ನಮ್ಮ ಮಕ್ಕಳಿಗೂ ಜಾಗ ಇದೆಯಾ? ಸರಿಯಾದ ಉತ್ತರ ಬರುವವರೆಗೆ ಕಾಫಿ ಒಲೆಯ ಮೇಲೇ ಇರಲಿ. ಬಂದ ಮೇಲೆ ಲೋಟಕ್ಕೆ ಬಗ್ಗಿಸಲು ಹಿಂಜರಿಯಬೇಡಿ.

ಇನ್ನೊಂದು ಮಾತು. ಇವತ್ತು ಒಲೆ ಊದುವ ಮೊದಲು ಕೈಯಲ್ಲಿರುವುದನ್ನು ಒಮ್ಮೆ ತಿರುಗಿಸಿ ನೋಡಿ. ಒಳಗೆ ಒಡೆದ ಗಿಣ್ಣಿನ ಗುರುತಿದ್ದರೆ, ಕೆಳಗೆ ಅಂಗೈ ಇಟ್ಟು ಮೆಲ್ಲಗೆ ಊದಿ. ನಮಗೆ ಸಿಗದ ಮೂರರಲ್ಲಿ ಒಂದು ನಿಮ್ಮ ಮನೆಯಲ್ಲಿರಬಹುದು.